ಅಂಗಾತ ಮಲಗುವ ವಿದ್ಯೆ

ಮಲಗುವವರಲ್ಲಿ ಮೂರು ಜಾತಿ. ಅಂಗಾತ ಮಲಗುವವರು, ಮಗ್ಗುಲಾಗುವವರು, ದೊಪ್ಪನೆ ಬೋರಲು ಬೀಳುವವರು. ನಾನು ಹುಟ್ಟಾ ಮೂರನೆಯ ಜಾತಿ. "ಹೆಣ್ಣುಮಗು ಹಾಗೆಲ್ಲ ಬೋರಲು ಮಲಗಬಾರದು ಕಣೇ" ಎಂದು ಅಜ್ಜಿ ಎಷ್ಟು ಗದರಿದರೂ ಬಿಡದ ಚಾಳಿಯನ್ನು ಕೊನೆಗೆ ಬಿಡಿಸಿದ್ದು ಸ್ತನ ಕ್ಯಾನ್ಸರು. ಬಲಗಡೆಯದನ್ನು ತೆಗೆದು, ಕಿಬ್ಬೊಟ್ಟೆಯ ಚರ್ಮ, ಕೊಬ್ಬು ತಂದು, ಅದರ ರಕ್ತನಾಳಗಳನ್ನು ಸೂಕ್ಷ್ಮದರ್ಶಕದಲ್ಲಿ ನೋಡಿಕೊಂಡು ಎದೆಯ ನಾಳಗಳಿಗೆ ಹೊಲಿದು, ಹೊಸದೊಂದನ್ನು ಕಟ್ಟಿಕೊಟ್ಟರು. ಡೀಪ್ ಫ್ಲ್ಯಾಪ್ ಅಂತ ಅದರ ಹೆಸರು. ವರ್ಷಗಟ್ಟಲೆ ಬೈಸಿಕೊಂಡ ಹೊಟ್ಟೆ ಅಂತೂ ಒಂದು ಉಪಯೋಗಕ್ಕೆ ಬಂತು.

ಡಿಸ್ಚಾರ್ಜ್ ಚೀಟಿಯಲ್ಲಿ ಮಾತ್ರೆಗಳಿಗೆ ಒಂದು ಪುಟ, ಮಲಗುವುದಕ್ಕೆ ಒಂದೇ ಸಾಲು: ತಲೆ, ಬೆನ್ನು ಎತ್ತರಿಸಿ, ಮಂಡಿ ಮಡಿಸಿ, ಅಂಗಾತ. ಹೊಟ್ಟೆಯ ಚರ್ಮ ಕತ್ತರಿಸಿ ಬಿಗಿದಿರುತ್ತಾರಲ್ಲ, ನೆಟ್ಟಗೆ ಚಾಚಿಕೊಂಡರೆ ಹೊಲಿಗೆ ಜಗ್ಗುತ್ತದೆ. ಎದೆಭಾಗ ಎತ್ತರದಲ್ಲಿದ್ದರೆ ಊತವೂ ಕಡಿಮೆ. ಮಗ್ಗುಲಾಗಲು ಸಾಮಾನ್ಯವಾಗಿ ಆರು ವಾರ ಕಾಯಬೇಕು, ಬೋರಲಿಗೆ ಅದಕ್ಕಿಂತ ಹೆಚ್ಚು. ಅದೂ ಡಾಕ್ಟರು ಹೂಂ ಅಂದ ಮೇಲೆ.

ಓದಲು ಸುಲಭ. ಮನೆಯಲ್ಲಿದ್ದದ್ದು ಬೂರುಗದ ಹತ್ತಿಯ ದಿಂಬುಗಳು. ಸಂಜೆ ಗೋಪುರ, ನಡುರಾತ್ರಿಗೆ ರೊಟ್ಟಿ. ಬೆನ್ನಿಗೆ ಗಟ್ಟಿ ದಿಂಬು, ಮಂಡಿ ಕೆಳಗೊಂದು, ಉರುಳದ ಹಾಗೆ ಎರಡು ಕಡೆ ಎರಡು. ಮಂಚದಲ್ಲಿ ಗಂಡನಿಗೆ ಜಾಗವಿಲ್ಲ. ಅಟ್ಟದಿಂದ ಮಾವನವರ ಕ್ಯಾನ್ವಾಸಿನ ಆರಾಮ ಕುರ್ಚಿ ಇಳಿಸಿದರು. ಒರಗುವುದಕ್ಕೆ ಸ್ವರ್ಗವೇ ಸರಿ, ಆದರೆ ಏಳಬೇಕಾದರೆ ಎರಡೂ ಕೈ ಊರಬೇಕು. ನನಗೆ ಅದೇ ಕೂಡದು. ಕೊನೆಗೆ ಆಸ್ಪತ್ರೆ ಮಂಚವನ್ನೇ ತಿಂಗಳ ಬಾಡಿಗೆಗೆ ತಂದೆವು. ಕಾಲ ಬಳಿಯ ಹಿಡಿಕೆ ತಿರುಗಿಸಿದರೆ ತಲೆ ಮೇಲೇಳುತ್ತದೆ. ಈ ಕಾಯಿಲೆಯಲ್ಲಿ ನಾವು ಮಾಡಿದ ಅತ್ಯಂತ ಬುದ್ಧಿವಂತ ಖರ್ಚು ಅದು.

ಏಳುವುದೂ ಒಂದು ವಿದ್ಯೆ. ಸೊಂಟ ತಿರುಚದೆ ಇಡೀ ಮೈ ಒಟ್ಟಿಗೆ ದಿಮ್ಮಿಯ ಹಾಗೆ ಹೊರಳಿ, ಕಾಲು ಇಳಿಬಿಟ್ಟು, ಬೆನ್ನಿಗೆ ಯಾರಾದರೂ ಕೈ ಕೊಟ್ಟಾಗ ಕೂರಬೇಕು. ಬಲಮಗ್ಗುಲಲ್ಲೇ ಏಳಬೇಕೆಂಬುದು ನಮ್ಮತ್ತೆಯವರ ಶಾಸ್ತ್ರ. ಗಾಯ ಬಲಗಡೆ ಎಂದು ತಿಳಿದ ಮೇಲೆ, "ದೇವರಿಗೆ ಎಡವೂ ತನ್ನದೇ" ಎಂದು ತೀರ್ಪು ಕೊಟ್ಟುಬಿಟ್ಟರು.

ಇಷ್ಟರ ಜೊತೆಗೆ ಡ್ರೈನು. ಗಾಯದೊಳಗಿನ ನೀರು ಬಸಿಯುವ ಕೊಳವೆ, ಅದರ ತುದಿಗೆ ಬುಡ್ಡಿ. ಕೊಳವೆ ಮೈಯಡಿ ಸಿಕ್ಕಿದರೆ ಎಂಥ ನಿದ್ದೆಯೂ ಹಾರಿಹೋಗುತ್ತದೆ; ಅದಕ್ಕೇ ಬುಡ್ಡಿಯನ್ನು ಮುಂದೆ ಗುಂಡಿಯಿರುವ ನೈಟಿಗೆ ಪಿನ್ನು ಹಾಕಿ ಸಿಕ್ಕಿಸಬೇಕು. ಮಲಗುವ ಮೊದಲು ಖಾಲಿ ಮಾಡಿ ಅಳತೆ ಬರೆಯಬೇಕು. ದಿನಕ್ಕೆ ಸುಮಾರು 30 ಮಿಲಿಗಿಂತ ಇಳಿದರೆ ಸಾಮಾನ್ಯವಾಗಿ ತೆಗೆಯುತ್ತಾರೆ. ನಮ್ಮವರು ಹಾಲಿನ ಲೆಕ್ಕದ ಪುಸ್ತಕದಲ್ಲೇ ಬರೆದಿಟ್ಟರು. ತಿಂಗಳ ಕೊನೆಗೆ ಹಾಲಿನವನು ಪುಟ ತಿರುವಿ, "ಇದೇನ್ ಸಾರ್, ಮಿಲಿಗಳಲ್ಲಿ ಯಾವಾಗ ಹಾಕಿದೆ?" ಅಂದ.

ಬೆನ್ನಿನ ಸ್ನಾಯು ತಂದು ಎದೆಗೆ ಹೊದಿಸುವ ವಿಧಾನವೂ ಇದೆ. ಇಟಲಿಯ ಶಸ್ತ್ರವೈದ್ಯ ತಾನ್ಸಿನಿ 1906ರಲ್ಲೇ ಅದರ ಬಗ್ಗೆ ಬರೆದಿದ್ದರು. ಅದಾದವರಿಗೆ ಎದೆಯೂ ನೋವು, ಒರಗಿಕೊಳ್ಳುವ ಬೆನ್ನೂ ನೋವು. ಅವರ ಮುಂದೆ ನಾನು ಭಾಗ್ಯವಂತೆ.

ನೋವಿನ ಮಾತ್ರೆಯನ್ನು ಡಾಕ್ಟರು ಹೇಳಿದ ಹೊತ್ತಿಗೆ ನುಂಗಿ, ಮಲಗುವ ಮುನ್ನ ಶೌರ್ಯ ತೋರಿಸಬೇಡಿ. ಇನ್ನು, ಇಂಥವರನ್ನು ನೋಡಲು ಹೋಗುವವರಿಗೆ ಒಂದು ಬೇಡಿಕೆ: ರಾತ್ರಿಯಿಡೀ ಕಣ್ಣು ಬಿಟ್ಟವರಿಗೆ ಮಧ್ಯಾಹ್ನ ಎರಡಕ್ಕೆ ಜೊಂಪು ಹತ್ತಿರುತ್ತದೆ, ಫೋನು ಮಾಡಿಕೊಂಡು ಸಂಜೆ ಹೋಗಿ. ಸೇಬು, ಮೂಸಂಬಿ ಆಗಲೇ ಕೊಳೆಯುವಷ್ಟು ಬಂದಿರುತ್ತವೆ. ಒಂದು ಗಟ್ಟಿ ದಿಂಬು ತೆಗೆದುಕೊಂಡು ಹೋಗಿ.