ಬುರಣಾಪುರದ ಬಯಲು, ವಿಮಾನದ ಹಿಡಿಕೆ

ಬಬಲೇಶ್ವರದಿಂದ ತಿಕೋಟಾಕ್ಕೂ ಅಲ್ಲಿಂದ ವಿಜಯಪುರಕ್ಕೂ ನಾವು ಎಷ್ಟು ಸಲ ಹೋಗಿ ಬಂದಿರುವೆವೋ ಲೆಕ್ಕವಿಲ್ಲ. ದಾರಿಯ ಮಗ್ಗುಲಿಗೆ ದ್ರಾಕ್ಷಿಯ ಪಡಗಳು, ಒಣದ್ರಾಕ್ಷಿಯ ಶೆಡ್ಡುಗಳು. ಮಿಕ್ಕುದೆಲ್ಲ ಎರೆಯ ಬಯಲು. ೨೦೨೪ರ ಬೇಸಗೆಯಲ್ಲಿ ಮಾತ್ರ ನಮ್ಮ ಪ್ರಯಾಣಕ್ಕೆ ಹೊಸದೊಂದು ಗುರಿಯಿದ್ದಿತು. ತಿಕೋಟಾದಲ್ಲಿ ದ್ರಾಕ್ಷಿ ಬೆಳೆಯುವ ನಮ್ಮ ಹಳೆಯ ವಿದ್ಯಾರ್ಥಿಯೊಬ್ಬನು, ವಿಜಯಪುರದ ಬಳಿ ಬುರಣಾಪುರ-ಮದಭಾವಿಗಳ ಸೀಮೆಯಲ್ಲಿ ಕಟ್ಟುತ್ತಿದ್ದ ವಿಮಾನನಿಲ್ದಾಣವನ್ನು ತೋರಿಸುವೆನೆಂದು ನಮ್ಮನ್ನು ಕರೆದೊಯ್ದನು. ಮೊದಲು ಎಟಿಆರ್ ೭೨ ಎಂಬ ಸಣ್ಣ ವಿಮಾನಗಳಿಗೆಂದು ಯೋಜಿಸಿದ್ದುದನ್ನು ಅನಂತರ ಏರ್‌ಬಸ್ ೩೨೦ ಇಳಿಯುವಂತೆ ಹಿಗ್ಗಿಸಿದ್ದರು. ಬೇಲಿಯ ಹೊರಗಿನಿಂದ ಕಂಡುದಿಷ್ಟೇ: ಬಿಸಿಲಿನಲ್ಲಿ ಮಿರುಗುವ ಕರಿಯ ಓಡುದಾರಿ. ವಿಮಾನವೊಂದೂ ಇರಲಿಲ್ಲ.

ಅಲ್ಲಿ ನಿಂತು ಅವನು ನಗುತ್ತ ಕೇಳಿದನು: "ಮಾಸ್ತರ, ಸಾಲ್ಯಾಗ ನಾ ಒಂದ್ ಪ್ರಶ್ನೆ ಕೇಳಿದ್ದೆ, ನೆನಪದ ಏನ್ರಿ? ವಿಮಾನದ ಹಿಡಿಕಿ ಎಲ್ಲಿರ್ತದ ಅಂತ?"

ನೆನಪಿದ್ದಿತು. ಸುಮಾರು ೩೦ ವರುಷಗಳ ಹಿಂದೆ, ಭರದ್ವಾಜ ಮಹರ್ಷಿಗಳ ಹೆಸರಿನಲ್ಲಿರುವ 'ವೈಮಾನಿಕ ಶಾಸ್ತ್ರ'ವನ್ನು ಹೊಗಳಿ, ವಿಮಾನವೆಂಬುದು ನಮ್ಮ ಪೂರ್ವಿಕರಿಗೆ ಕರತಲಾಮಲಕವಾಗಿದ್ದಿತೆಂದು ನಾವು ಪಾಠ ಹೇಳುತ್ತಿರುವಾಗ ಈ ಹುಡುಗನು ಎದ್ದು ಹಾಗೆ ಕೇಳಿದ್ದನು. "ಋಷಿಗಳು ಹಿಡಿಕೆಯ ಮಾತಾಡುವವರಲ್ಲ, ಕೂಡು" ಎಂದು ಗದರಿಸಿ ಕೂರಿಸಿದ್ದೆವು. ತರಗತಿಯೆಲ್ಲ ನಕ್ಕಿತು. ನಾವೂ ನಕ್ಕಿರಬೇಕು.

ಅದೇ ವರುಷ ನಾವಿಬ್ಬರೂ ಬೆಂಗಳೂರಿನಿಂದ ಹುಬ್ಬಳ್ಳಿಗೆ ವಿಮಾನದಲ್ಲಿ ಬಂದೆವು. ಅದು ಏರ್‌ಬಸ್ ೩೨೦. ಇಳಿದ ಮೇಲೆ ಉಳಿದ ಪ್ರಯಾಣಿಕರೆಲ್ಲ ಹೋಗುವವರೆಗೆ ಇವನು ಕುಳಿತೇ ಇದ್ದು, ಮುಂದಿನ ಕೋಣೆಯನ್ನು ನೋಡಬಹುದೇ ಎಂದು ಪರಿಚಾರಿಕೆಯನ್ನು ಕೇಳಿದನು. ಹಾರಾಟದಲ್ಲಿ ಆ ಬಾಗಿಲು ಯಾರಿಗೂ ತೆರೆಯದು. ನಿಂತ ವಿಮಾನದಲ್ಲಿ ಕ್ಯಾಪ್ಟನ್ನರು ದಯೆಯಿಟ್ಟು ಐದು ನಿಮಿಷಗಳ ಅಪ್ಪಣೆ ಕೊಟ್ಟರು.

ಕೋಣೆಯು ನಮ್ಮ ಮನೆಯ ದೇವರ ಮನೆಗಿಂತ ದೊಡ್ಡದಲ್ಲ. ಎಡಕ್ಕೆ ಕ್ಯಾಪ್ಟನ್, ಬಲಕ್ಕೆ ಸಹಚಾಲಕ. ಎದುರಿಗೆ ಆರು ಪರದೆಗಳು: ಇಬ್ಬರಿಗೂ ಎರಡೆರಡು, ವಿಮಾನದ ಭಂಗಿ, ವೇಗ, ಎತ್ತರ ಮತ್ತು ಹಾದಿಗಳನ್ನು ತೋರಿಸತಕ್ಕವು, ನಡುವಿನ ಎರಡು ಯಂತ್ರಗಳ ಆರೋಗ್ಯವನ್ನು ಹೇಳತಕ್ಕವು. ನಡುವಣ ಕಟ್ಟೆಯ ಮೇಲೆ ಎರಡು ಎಂಜಿನುಗಳಿಗೆ ಎರಡು ಸನ್ನೆಗಳು. ಗಾಲಿಗಳನ್ನು ಇಳಿಸುವ ಸನ್ನೆಯ ತುದಿಯನ್ನು ಗಾಲಿಯ ಆಕಾರದಲ್ಲಿಯೇ ಮಾಡಿದ್ದಾರೆ, ಕತ್ತಲಲ್ಲಿಯೂ ಕೈ ತಪ್ಪದಿರಲೆಂದು! ಹುಡುಗರಿಗೆ ಅಕ್ಷರ ಕಲಿಸಿದ ನಮಗೆ ಈ ಉಪಾಯ ಬಹಳ ಹಿಡಿಸಿತು. ತಲೆಯ ಮೇಲಣ ಹಲಗೆಯಲ್ಲಿ ಇಂಧನ, ವಿದ್ಯುತ್ತು, ಗಾಳಿ, ಬೆಂಕಿಯ ಎಚ್ಚರಿಕೆ ಇವುಗಳ ಗುಂಡಿಗಳು. ಎಲ್ಲವೂ ಸರಿಯಾಗಿ ಹಾರುತ್ತಿರುವಾಗ ಅಲ್ಲಿ ದೀಪ ಹೊತ್ತಿರುವದಿಲ್ಲವಂತೆ. ಕತ್ತಲೆಯೇ ಕ್ಷೇಮದ ಗುರುತು. ಆಗ ಎಂಜಿನುಗಳು ನಿಂತಿದ್ದುದರಿಂದ ಕೆಲವು ಹೊತ್ತಿದ್ದವು.

ಆದರೆ ಹಿಡಿಕೆ? ಎದುರಿಗೆ ಹುಡುಕಿದೆವು, ಅಲ್ಲಿದ್ದುದು ಮಡಿಸುವ ಸಣ್ಣ ಮೇಜು. ಕ್ಯಾಪ್ಟನ್ನರು ತಮ್ಮ ಎಡಗೈಯ ಬದಿಗೆ ತೋರಿಸಿದರು. ಮುಷ್ಟಿಯಲ್ಲಿ ಹಿಡಿಯುವಷ್ಟೇ ಗಾತ್ರದ ಕೋಲೊಂದು! ಅದು ರೆಕ್ಕೆಯನ್ನು ಹಗ್ಗದಿಂದ ಎಳೆಯುವದಿಲ್ಲ. ಗಣಕಗಳಿಗೆ ವಿದ್ಯುತ್ತಿನಲ್ಲಿ ಇಚ್ಛೆಯನ್ನು ತಿಳಿಸುತ್ತದೆ. ಎಷ್ಟು ಬಾಗಿಸಿದರೂ, ಗಣಕಗಳು ಸರಿಯಿರುವ ತನಕ, ವಿಮಾನವು ಪಕ್ಕಕ್ಕೆ ೬೭ ಅಂಶಗಳನ್ನು ಮೀರಿ ವಾಲದು. ೧೯೮೮ರಿಂದ ಈ ಜಾತಿಯ ವಿಮಾನಗಳು ಜನರನ್ನು ಹೊತ್ತು ಹಾರುತ್ತಿವೆ. ಕಡೆಗೆ ಅವರು ಒಂದು ಕಾರ್ಡನ್ನು ತೋರಿಸಿದರು. ಒಬ್ಬರು ಓದುವದು, ಇನ್ನೊಬ್ಬರು ಕಣ್ಣಾರೆ ನೋಡಿ ಉತ್ತರ ಹೇಳುವದು. ಸಾವಿರ ಸಲ ಹಾರಿದವರೂ ನೆನಪನ್ನು ನಂಬಿ ಕೂಡುವಂತಿಲ್ಲ. ನಾವೋ ಜನ್ಮವೆಲ್ಲ ಸಂಥೆ ಹೇಳಿ, ಪುಸ್ತಕ ನೋಡಿದವನಿಗೆ ಛಡಿಯೇಟು ಕೊಟ್ಟವರು.

ಹುಬ್ಬಳ್ಳಿಯಿಂದ ಊರಿಗೆ ಬರುವಾಗ ಕಾರಿನಲ್ಲಿ ನಾವು ಹೆಚ್ಚು ಮಾತಾಡಲಿಲ್ಲ. ಸೇವೆಯಿಂದ ನಿವೃತ್ತರಾದ ಮೇಲೆ ಓದಿದ್ದೊಂದು ಸಂಗತಿ ಮನಸ್ಸನ್ನು ಕೊರೆಯುತ್ತಿದ್ದಿತು. ಆ 'ವೈಮಾನಿಕ ಶಾಸ್ತ್ರ'ವು ಆನೇಕಲ್ಲಿನ ಪಂಡಿತ ಸುಬ್ಬರಾಯ ಶಾಸ್ತ್ರಿಗಳು ಇಪ್ಪತ್ತನೆಯ ಶತಮಾನದಲ್ಲಿ ಬಾಯಿಂದ ಹೇಳಿ ಬರೆಯಿಸಿದ್ದು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಐವರು ವಿದ್ವಾಂಸರು ೧೯೭೪ರಲ್ಲಿ ಅದನ್ನು ಪರಿಶೀಲಿಸಿ, ಅದು ೧೯೦೪ಕ್ಕಿಂತ ಹಿಂದಿನದಾಗಿರಲಾರದೆಂದೂ ಅಲ್ಲಿ ವರ್ಣಿಸಿದ ವಿಮಾನಗಳು ಹಾರಲಾರವೆಂದೂ ಪ್ರಕಟಿಸಿದ್ದರು. ಭಾಷೆಯು ವೈದಿಕವಲ್ಲ, ಈಚಿನ ಸಂಸ್ಕೃತವೆಂದು ಕಂಡುಕೊಂಡವರೂ ಅವರೇ. ವಾಚಕರೆ, ಯಂತ್ರದ ವಿಷಯ ನಮಗೆ ತಿಳಿಯದಿದ್ದರೆ ಹೋಗಲಿ; ಭಾಷೆಯ ವಿಷಯ ನಮಗೇ ಮೊದಲು ಹೊಳೆಯಬೇಕಾಗಿದ್ದಿತು. ಪಾಣಿನೀಯವನ್ನು ಓದಿದವರು ನಾವು. ನಾವು ಪಾಠ ಹೇಳುವ ಎಷ್ಟೋ ವರುಷಗಳ ಮೊದಲೇ ಆ ಲೇಖನವು ಅಚ್ಚಾಗಿದ್ದಿತು.

ಕೊಲ್ಹಾರದಲ್ಲಿ ಕೃಷ್ಣೆಯನ್ನು ದಾಟುವಾಗ ಹೊತ್ತು ಇಳಿದಿದ್ದಿತು. ವಿಜಯಪುರ ಸಮೀಪಿಸಿದಂತೆ ಗೋಲಗುಮ್ಮಟದ ನೆರಳುಗಪ್ಪು ಬಾನಿನಲ್ಲಿ ಎದ್ದಿತು. ಒಂದನ್ನೊಂದು ಹಾಯುವ ಎಂಟು ಕಮಾನುಗಳ ಮೇಲೆ ಅಷ್ಟು ದೊಡ್ಡ ಗುಮ್ಮಟವನ್ನು ನಿಲ್ಲಿಸಿದವರು ಈ ನಾಡಿನಲ್ಲಿಯೇ ಕೈ ದುಡಿಸಿದ ಜನ. ಹೊಗಳುವದಕ್ಕೆ ಇದು ಇಲ್ಲಿಯೇ ಇರುವಾಗ, ನಾವು ಹಾರದ ವಿಮಾನವನ್ನು ಏಕೆ ಹೊಗಳಿದೆವೋ!

ತಿಕೋಟಾದಲ್ಲಿ ಅವನ ತೋಟದ ಮುಂದೆ ಕಾರು ನಿಂತಿತು. ಇಳಿಯುವ ಮೊದಲು ನಾವು ಹೇಳಿದೆವು: "ತಮ್ಮಾ, ಆವತ್ತ ನಿನ್ನ ಗದರಿಸಿದ್ದು ನಮ್ಮ ತಪ್ಪು. ನಿನ್ನ ಪ್ರಶ್ನೆಗೆ ಉತ್ತರ ಈಗ ಕೇಳು. ವಿಮಾನದ ಹಿಡಿಕೆ ಎಡಗೈಗೆ ಇರ್ತದ."

ಅವನು ಸ್ವಲ್ಪ ಹೊತ್ತು ಸುಮ್ಮನಿದ್ದು, "ಎಡಕ್ಕ ಕುಂತವ್ರಿಗೆ ಎಡಗೈಗ್ರಿ, ಮಾಸ್ತರ. ಬಲಕ್ಕ ಕುಂತವ್ರಿಗೆ ಬಲಗೈಗೆ" ಎಂದನು.