ಬಳೇಪೇಟೆಯ ಬಾಬ್ತು

ಬೆಂಗಳೂರಿನ ಯಾವ ಬಡಾವಣೆಯಲ್ಲಿ ಬಸ್ಸು ಹತ್ತಿದರೂ ನಿರ್ವಾಹಕನ ಬಾಯಿಂದ ಹೊರಡುವ ಮೊದಲ ಹೆಸರು ‘ಮೆಜೆಸ್ಟಿಕ್’. ಆ ಹೆಸರು ಮೂಲತಃ ಒಂದು ಚಿತ್ರಮಂದಿರದ್ದು. ಚಿತ್ರಮಂದಿರ ನೆಲಸಮವಾಗಿ ಎಷ್ಟೋ ಕಾಲವಾಯಿತು. ಹೆಸರು ಮಾತ್ರ ಇಡೀ ಪ್ರದೇಶವನ್ನೇ ತನ್ನದಾಗಿಸಿಕೊಂಡು ಉಳಿದಿದೆ. ಕೆಂಪೇಗೌಡ ರಸ್ತೆಯಲ್ಲಿ ಮುಂದೆ ಸಾಗಿದರೆ ಮೈಸೂರು ಬ್ಯಾಂಕ್ ವೃತ್ತ ಸಿಗುತ್ತದೆ. 2017ರ ಏಪ್ರಿಲ್ 1ರಂದು ಸ್ಟೇಟ್ ಬ್ಯಾಂಕ್ ಆಫ್ ಮೈಸೂರು ಭಾರತೀಯ ಸ್ಟೇಟ್ ಬ್ಯಾಂಕಿನಲ್ಲಿ ಲೀನವಾಯಿತು. ಜನರ ಬಾಯಲ್ಲಿ ವೃತ್ತ ಹಳೆಯ ಹೆಸರನ್ನು ಬಿಟ್ಟುಕೊಟ್ಟಿಲ್ಲ. ಬಸ್ಸುಗಳು ಬಂದು ನಿಲ್ಲುವ ನೆಲವಾದರೋ ಕೆಂಪೇಗೌಡರ ಕಾಲದ ಧರ್ಮಾಂಬುಧಿ ಕೆರೆಯ ಅಂಗಳ. ಕೆರೆಯಿಲ್ಲ, ಏರಿಯಿಲ್ಲ, ‘ಟ್ಯಾಂಕ್ ಬಂಡ್ ರಸ್ತೆ’ಯಿದೆ. ಮಹಾನಗರವು ತಾನು ಕಳೆದುಕೊಂಡದ್ದನ್ನು ಹೀಗೆ ಹೆಸರುಗಳಲ್ಲಿ ಕಾಪಾಡಿಕೊಳ್ಳುತ್ತದೆ. ಆದರೆ ಹೆಸರಿನ ಭಾಗ್ಯವೂ ಇಲ್ಲದೆ ಅಳಿದುಹೋದ ತಾಣಗಳೇ ಹೆಚ್ಚು. ಅಂಥ ಒಂದು ತಾಣದ ನೆನಪನ್ನು ಹೊತ್ತು ಐವತ್ತು ವರ್ಷ ಬಾಳಿದ, ಈ ಶಾಲೆಯ ಹಳೆಯ ವಿದ್ಯಾರ್ಥಿಯೊಬ್ಬರ ಸಂಗತಿ ಇದು.

1972ರ ಬೇಸಿಗೆ ಕಳೆದು ಮಳೆ ಹಿಡಿಯುವ ಹೊತ್ತಿಗೆ ಆ ಹುಡುಗ ಎಸ್.ಎಸ್.ಎಲ್.ಸಿ. ತೇರ್ಗಡೆಯಾಗಿ, ಒಂದು ತಗಡಿನ ಪೆಟ್ಟಿಗೆಯೊಡನೆ ಬೆಂಗಳೂರು ಸಿಟಿ ರೈಲು ನಿಲ್ದಾಣದಲ್ಲಿ ಇಳಿದ. ನಿಲ್ದಾಣದ ಎದುರಿಗೇ ಗುಬ್ಬಿ ತೋಟದಪ್ಪನವರ ಧರ್ಮಛತ್ರ. ವ್ಯಾಪಾರದಲ್ಲಿ ಗಳಿಸಿದುದನ್ನು ದಾರಿಹೋಕರ ತಂಗುದಾಣಕ್ಕೂ ಬಡ ಮಕ್ಕಳ ವಿದ್ಯೆಗೂ ಧಾರೆಯೆರೆದ ಆ ಪುಣ್ಯಾತ್ಮರ ಉಚಿತ ವಿದ್ಯಾರ್ಥಿನಿಲಯದಲ್ಲಿ ಅವನಿಗೆ ಊಟ ವಸತಿಗಳ ಆಶ್ರಯ ದೊರೆಯಿತು. ಓದುವುದಕ್ಕೆ ಸರ್ಕಾರಿ ಕಾಲೇಜು. ನಡೆದು ಹೋಗುವುದಕ್ಕೆ ಕೆಂಪೇಗೌಡ ರಸ್ತೆ.

ಆ ರಸ್ತೆಯೇ ಅವನಿಗೆ ಮತ್ತೊಂದು ಪಾಠಶಾಲೆಯಾಯಿತು. ಸಾಗರ್, ಕೆಂಪೇಗೌಡ, ಹಿಮಾಲಯ, ಅಲಂಕಾರ್, ಸ್ಟೇಟ್ಸ್ ಎಂದು ಸಾಲಾಗಿ ಚಿತ್ರಮಂದಿರಗಳು. ಮನೆಯೆತ್ತರದ ಬಣ್ಣದ ಚಿತ್ರಗಳು. ಅವುಗಳಿಗೆ ಹಾಕಿದ ಹೂವಿನ ಹಾರಗಳು. ಸ್ಟೇಟ್ಸ್‌ನಲ್ಲಿ ಆ ವರ್ಷ ‘ಬಂಗಾರದ ಮನುಷ್ಯ’ ನಡೆಯುತ್ತಿತ್ತು. ಗಾಂಧಿ ಕ್ಲಾಸಿನ ಬೆಂಚಿನ ಮೇಲೆ ಕುಳಿತು, ಕಲ್ಲುಗುಡ್ಡವನ್ನು ಹಸುರು ಮಾಡುವ ರಾಜೀವನನ್ನು ಕಂಡ ಆ ಒಕ್ಕಲು ಮಗ, ನಿಲಯಕ್ಕೆ ಮರಳುವವರೆಗೂ ಯಾರೊಡನೆಯೂ ಮಾತನಾಡಲಿಲ್ಲ. ಭಾನುವಾರಗಳಂದು ಅವೆನ್ಯೂ ರಸ್ತೆಯ ಹಳೆಯ ಪುಸ್ತಕಗಳ ರಾಶಿಯ ಮುಂದೆ ಕುಕ್ಕರಗಾಲಲ್ಲಿ ಕುಳಿತು, ಕೊಳ್ಳಲಾಗದ ಪುಸ್ತಕಗಳನ್ನು ಅಲ್ಲಿಯೇ ಓದಿ ಮುಗಿಸುವುದನ್ನೂ ಅವನು ಅಭ್ಯಾಸ ಮಾಡಿಕೊಂಡ.

ಇವೆಲ್ಲಕ್ಕಿಂತ ಅವನ ಮನಸ್ಸಿನಲ್ಲಿ ಆಳವಾಗಿ ಉಳಿದುದು ಬಳೇಪೇಟೆಯ ಒಂದು ಸಣ್ಣ ಹೋಟೆಲು. ಸಂಗೀತವಾದ್ಯಗಳ ಅಂಗಡಿಯೊಂದರ ಪಕ್ಕದಲ್ಲಿ, ಎರಡು ಮೆಟ್ಟಿಲಿಳಿದು ಹೋಗಬೇಕಾದ ಉದ್ದನೆಯ ಕೋಣೆ. ಆರು ಮೇಜು, ಮೇಜಿಗೆ ಬಿಳಿಯ ಕಲ್ಲಿನ ಹಲಗೆ, ಗೋಡೆಯಲ್ಲಿ ಅಂಚು ಮಾಸಿದ ನಿಲುವುಗನ್ನಡಿ. ಒಳಗಿನಿಂದ ಸೌದೆಯ ಹೊಗೆಯೂ ಹುರಿದ ಕಾಫಿಬೀಜದ ಘಮವೂ ಒಟ್ಟಿಗೇ ಬರುತ್ತಿದ್ದವು; ಪಕ್ಕದ ಅಂಗಡಿಯಲ್ಲಿ ಯಾರಾದರೂ ತಂಬೂರಿಯ ಶ್ರುತಿ ನೋಡಿದರೆ ಅದೂ ಕೇಳಿಸುತ್ತಿತ್ತು. ಗಲ್ಲಾದಲ್ಲಿ ಕುಂದಾಪುರ ಸೀಮೆಯ ಭಟ್ಟರು. ಅವರ ಮುಂದೆ ಕೆಂಪು ರಟ್ಟಿನ ಉದ್ದನೆಯ ಲೆಕ್ಕದ ಪುಸ್ತಕ.

ತಿಂಗಳಿಗೊಮ್ಮೆ ಊರಿನಿಂದ ಮನಿಯಾರ್ಡರು ಬಂದ ದಿನ ಅಲ್ಲಿ ಒಂದು ಮಸಾಲೆದೋಸೆ ತಿನ್ನುವುದು ಆ ಹುಡುಗನ ಹಬ್ಬ. ಉಳಿದ ದಿನಗಳಲ್ಲಿ ‘ಬೈಟು’ ಕಾಫಿ. ಒಂದೇ ಲೋಟದ ಕಾಫಿಯನ್ನು ಇಬ್ಬರು ಹಂಚಿಕೊಂಡು ಒಂದು ಗಂಟೆ ಕುಳಿತರೂ ಭಟ್ಟರು ಏಳಿ ಎಂದವರಲ್ಲ. ವಾದ್ಯ ರಿಪೇರಿಗೆ ಬಂದ ನಾಟಕದವರು, ಜವಳಿ ಅಂಗಡಿಯ ಗುಮಾಸ್ತರು, ಪತ್ರಿಕೆಯನ್ನು ಗಟ್ಟಿಯಾಗಿ ಓದಿ ಟೀಕೆ ಮಾಡುವ ನಿವೃತ್ತರು — ಇವರ ಮಾತುಗಳಿಂದಲೇ ಹಳ್ಳಿಯ ಹುಡುಗನಿಗೆ ಲೋಕದ ಪರಿಚಯವಾಯಿತು.

ನೆನಪು ಎಲ್ಲಕ್ಕೂ ಬಂಗಾರದ ನೀರು ಹಾಕುತ್ತದೆ ಎಂಬುದನ್ನು ಆ ಹಿರಿಯರು ಬಲ್ಲರು. ಆ ಹೋಟೆಲಿನಲ್ಲಿ ಲೋಟ ತೊಳೆಯುತ್ತಿದ್ದವನು ಹನ್ನೊಂದು ಹನ್ನೆರಡರ ಒಬ್ಬ ಮಾಣಿ. ಕೈಬೆರಳುಗಳು ಸದಾ ನೀರಿನಲ್ಲಿದ್ದು ಬೆಳ್ಳಗೆ ಸುಕ್ಕಾಗಿರುತ್ತಿದ್ದವು. “ಅಣ್ಣಾ, ಅಮ್ಮನಿಗೆ ಒಂದು ಕಾಗದ ಬರೆದುಕೊಡಿ” ಎಂದು ಅವನು ಇನ್‌ಲ್ಯಾಂಡ್ ಪತ್ರ ಹಿಡಿದು ಬರುತ್ತಿದ್ದ. ‘ನಾನು ಸೌಖ್ಯ, ಕೆಲಸ ಸುಲಭ’ ಎಂದೇ ಪ್ರತಿ ಸಲವೂ ಬರೆಸುತ್ತಿದ್ದ. ಹೋಟೆಲುಗಳಲ್ಲಿ ಬಾಲಕರ ದುಡಿಮೆಯನ್ನು ಕಾಯಿದೆ ನಿಷೇಧಿಸಿದ್ದು 2006ರಲ್ಲಿ. ತನ್ನ ಕೈಯಲ್ಲಿ ಪುಸ್ತಕವೂ ಅವನ ಕೈಯಲ್ಲಿ ಲೋಟವೂ ಇದ್ದುದಕ್ಕೆ, ತನ್ನೂರಿನಲ್ಲಿ ಒಂದು ಶಾಲೆಯೂ ನಗರದಲ್ಲಿ ಒಂದು ಉಚಿತ ನಿಲಯವೂ ಇದ್ದವೆಂಬುದರ ಹೊರತು ಬೇರೆ ಕಾರಣ ಅವರಿಗೆ ಇಂದಿಗೂ ಹೊಳೆದಿಲ್ಲ.

1974ರಲ್ಲಿ ಪರೀಕ್ಷೆ ಮುಗಿಯಿತು. ನಿಲಯ ಬಿಡುವ ಕಾಲ ಬಂದಿತು. ಗೆಳೆಯನ ಬಾಡಿಗೆ ಕೊಠಡಿಯ ಮೂಲೆಯಲ್ಲಿ ಮಲಗುತ್ತ ಮೂರು ವಾರ ಕೆಲಸಕ್ಕಾಗಿ ಅಲೆದ. ಜೇಬು ಬರಿದಾಯಿತು. ಒಂದು ಮಧ್ಯಾಹ್ನ ನೀರು ಕುಡಿದು ಎದ್ದು ಹೊರಟವನನ್ನು ಭಟ್ಟರು ಗಲ್ಲಾದಿಂದಲೇ ಕರೆದರು.

“ಬಾ ಇಲ್ಲಿ. ಊಟ ಮಾಡದೆ ಎಷ್ಟು ದಿನವಾಯಿತು?”

ಹುಡುಗ ತಲೆ ತಗ್ಗಿಸಿದ.

“ಬರೆದಿಟ್ಟುಕೊಳ್ಳುತ್ತೇನೆ, ಕೂತು ಉಣ್ಣು. ಮೊದಲು ಕೆಲಸ ಸಿಗಲಿ ತಮ್ಮಾ. ಲೆಕ್ಕ ಎಲ್ಲಿಗೆ ಓಡಿಹೋಗುತ್ತದೆ?”

ಆ ಲೆಕ್ಕ 18 ರೂಪಾಯಿ 40 ಪೈಸೆಗೆ ಬಂದು ನಿಂತ ದಿನ, ತಂದೆಗೆ ಕಾಯಿಲೆಯೆಂದು ಊರಿನಿಂದ ತಂತಿ ಬಂದಿತು. ರಾತ್ರಿಯ ರೈಲಿಗೆ ಹೊರಟವನಿಗೆ ಬಳೇಪೇಟೆಗೆ ಹೋಗಿ ಹೇಳಿಬರುವಷ್ಟು ವ್ಯವಧಾನವಿರಲಿಲ್ಲ. ತಂದೆ ಉಳಿಯಲಿಲ್ಲ. ಹೊಲ, ಸಾಲ, ತಂಗಿಯರ ಮದುವೆ, ನಡುನಡುವೆ ಪದವಿ, ಬಿ.ಎಡ್. ತರಬೇತಿ, ಕೊನೆಗೆ ಪ್ರೌಢಶಾಲೆಯ ಅಧ್ಯಾಪಕ ವೃತ್ತಿ. ವರ್ಷಗಳು ಸಂದವು.

1982ರಲ್ಲಿ ಉತ್ತರಪತ್ರಿಕೆಗಳ ಮೌಲ್ಯಮಾಪನಕ್ಕೆಂದು ಬೆಂಗಳೂರಿಗೆ ಬಂದ ಮೇಷ್ಟರು ಮೊದಲ ಸಂಜೆಯೇ ಹಣವನ್ನು ಲಕೋಟೆಯಲ್ಲಿಟ್ಟುಕೊಂಡು ಬಳೇಪೇಟೆಗೆ ನಡೆದರು. ವಾದ್ಯಗಳ ಅಂಗಡಿಯಿತ್ತು. ಪಕ್ಕದಲ್ಲಿ ಎರಡು ಮೆಟ್ಟಿಲುಗಳಿರಲಿಲ್ಲ. ನೆಲವನ್ನು ಎತ್ತರಿಸಿ ಗಾಜಿನ ಬಾಗಿಲಿಟ್ಟ ಸೀರೆಯ ಅಂಗಡಿಯಾಗಿತ್ತು. “ಭಟ್ಟರೇ? ಮುಚ್ಚಿ ಊರಿಗೆ ಹೊರಟುಹೋದರಲ್ಲ ಸ್ವಾಮಿ” ಎಂದರು ವಾದ್ಯದ ಅಂಗಡಿಯವರು. ಯಾವ ಊರು, ಯಾವ ಮನೆ ಎಂಬುದನ್ನು ಹೇಳಬಲ್ಲವರಿರಲಿಲ್ಲ. ಲೆಕ್ಕ ಓಡಿಹೋಗಿರಲಿಲ್ಲ, ಹೋಟೆಲೇ ಹೋಗಿತ್ತು.

ಅಂಥ ಹೋಟೆಲುಗಳು ಒಂದೊಂದಾಗಿ ಮರೆಯಾದುದಕ್ಕೆ ಕಾರಣಗಳು ಹಲವು. ತುರ್ತುಪರಿಸ್ಥಿತಿಯ ದಿನಗಳಲ್ಲಿ ತಿಂಡಿ ಊಟಗಳ ಬೆಲೆಗೆ ಕಟ್ಟುಪಾಡು ಬಂದಾಗ ಮಾವಳ್ಳಿ ಟಿಫಿನ್ ರೂಮಿನಂಥ ದೊಡ್ಡ ಸಂಸ್ಥೆಯೂ ತತ್ತರಿಸಿ, ಸಿದ್ಧ ಹಿಟ್ಟುಪುಡಿಗಳ ಉದ್ಯಮದತ್ತ ಹೊರಳಿತು. ಬಾಡಿಗೆ ಏರಿತು, ಹೋಟೆಲಿನ ಆದಾಯಕ್ಕಿಂತ ಅದು ನಿಂತ ನೆಲದ ಬೆಲೆ ಹೆಚ್ಚಾಯಿತು. 1983ರಲ್ಲಿ ಜಯನಗರದಲ್ಲಿ ಕೆಫೆ ದರ್ಶಿನಿ ಆರಂಭವಾಗಿ, ನಿಂತು ತಿಂದು ಹೊರಡುವ ಪದ್ಧತಿ ಊರಿಡೀ ಹಬ್ಬಿತು. ತಿಂಡಿ ಅಗ್ಗವಾಯಿತು, ಅಡುಗೆಮನೆ ಗಿರಾಕಿಯ ಕಣ್ಣೆದುರಿಗೇ ಬಂದು ಶುಚಿಯೂ ಹೆಚ್ಚಿತು; ಕುಳಿತು ಮಾತನಾಡುವ ಮೇಜು ಮಾತ್ರ ಕಡಿಮೆಯಾಯಿತು. 1981ರ ನವೆಂಬರಿನಲ್ಲಿ ಬೆಂಗಳೂರು ದೂರದರ್ಶನ ಕೇಂದ್ರ ತೆರೆದ ಮೇಲೆ ಸಂಜೆಗಳೂ ಮನೆಯೊಳಗೆ ಸರಿದವು.

ಆ ಬಳಿಕ ಮೇಷ್ಟರು ನಗರಕ್ಕೆ ಬಂದಾಗಲೆಲ್ಲ ಒಂದಿಲ್ಲೊಂದು ತಾಣ ಇಲ್ಲವಾಗಿರುತ್ತಿತ್ತು. ಟಿ. ಎಸ್. ಶಾನಭಾಗರು 1971ರಲ್ಲಿ ಆರಂಭಿಸಿದ್ದ ಪ್ರೀಮಿಯರ್ ಪುಸ್ತಕದಂಗಡಿ 2009ರಲ್ಲಿ ಬಾಗಿಲು ಹಾಕಿತು. ಸೂರು ಮುಟ್ಟುವ ರಾಶಿಯಲ್ಲಿ ಯಾವ ಪುಸ್ತಕ ಎಲ್ಲಿದೆಯೆಂಬುದು ಮಾಲೀಕರಿಗೆ ಬಾಯಿಪಾಠವಾಗಿತ್ತು. ಅದೇ ವರ್ಷ ಮಹಾತ್ಮ ಗಾಂಧಿ ರಸ್ತೆಯ ಇಂಡಿಯಾ ಕಾಫಿ ಹೌಸ್, ಐವತ್ತು ವರ್ಷಗಳ ತನ್ನ ನೆಲೆಯನ್ನು ಬಿಟ್ಟು ಚರ್ಚ್ ಸ್ಟ್ರೀಟಿಗೆ ಸರಿಯಿತು. 1968ರಲ್ಲಿ ತೆರೆದಿದ್ದ ಕಪಾಲಿ ಚಿತ್ರಮಂದಿರವನ್ನು 2017ರಲ್ಲಿ ಕೆಡವಲಾಯಿತು. ಮಲ್ಲೇಶ್ವರದ ನ್ಯೂ ಕೃಷ್ಣ ಭವನ, ಸುಮಾರು ಎಪ್ಪತ್ತು ವರ್ಷ ನಡೆದು 2023ರ ಡಿಸೆಂಬರಿನಲ್ಲಿ ಮುಚ್ಚಿತು. ಗಾಂಧಿ ಬಜಾರಿನಲ್ಲಿ 1943ರ ವಿದ್ಯಾರ್ಥಿ ಭವನ ಇಂದಿಗೂ ದೋಸೆ ಹುಯ್ಯುತ್ತಿರುವುದನ್ನು ಕಂಡರೆ ಅವರಿಗೆ ಬಂಧುವನ್ನು ಕಂಡಷ್ಟು ಸಂತೋಷ. ಮುಚ್ಚಿದವುಗಳಿಗಾಗಿ ಪತ್ರಿಕೆಗಳು ಬರೆದವು, ಜನ ಮರುಗಿದರು. ಬಳೇಪೇಟೆಯ ಹೋಟೆಲಿಗಾಗಿ ಮರುಗಿದವರು ಬಹುಶಃ ಅವರೊಬ್ಬರೇ.

ತೀರಿಸಲಾಗದ ಋಣವನ್ನು ಏನು ಮಾಡಬೇಕು? ಪಡೆಯಬೇಕಾದವರೇ ಕಾಣದಿದ್ದಾಗ ಅದು ಮನ್ನಾ ಆಗುತ್ತದೆಯೇ? 1982ರ ಜೂನ್ ತಿಂಗಳಲ್ಲಿ, ಆ ಲಕೋಟೆಯನ್ನು ಬಿಚ್ಚದೆ ಹಾಗೆಯೇ ತಂದು ಮೇಷ್ಟರು ಈ ಶಾಲೆಯ ದಾಸೋಹದ ನಿಧಿಗೆ ಒಪ್ಪಿಸಿದರು. ಅಂದಿನಿಂದ ಒಂದು ಜೂನ್ ತಿಂಗಳೂ ತಪ್ಪಿಲ್ಲ. ಸಂಬಳ ಏರಿದಂತೆ ಮೊಬಲಗೂ ಏರಿತು. ನಿವೃತ್ತಿಯ ನಂತರವೂ ನಿಲ್ಲಲಿಲ್ಲ. ರಸೀದಿಯಲ್ಲಿ ತಮ್ಮ ಹೆಸರು ಬೇಡವೆಂದು ಅವರು ಬರೆಸುವುದು ಒಂದೇ ಒಕ್ಕಣೆ: ‘ಬಳೇಪೇಟೆಯ ಭಟ್ಟರ ಹೋಟೆಲಿನ ಬಾಬ್ತು.’

ಕಳೆದ ಜೂನಿನಲ್ಲಿ ಕಚೇರಿಗೆ ಹೊಸದಾಗಿ ಬಂದಿದ್ದ ಗುಮಾಸ್ತರು ಲೇಖನಿ ಹಿಡಿದು ಅನುಮಾನಿಸಿದರು.

“ಮೇಷ್ಟ್ರೇ, ಹೋಟೆಲಿನ ಹೆಸರಿಗೆ ರಸೀದಿ ಹೇಗೆ ಹರಿಯಲಿ? ಆ ಹೋಟೆಲು ಈಗ ಇದೆಯೇ?”

“ಇಲ್ಲಪ್ಪ.”

“ಮತ್ತೆ?”

“ಮೆಜೆಸ್ಟಿಕ್ ಚಿತ್ರಮಂದಿರವೂ ಇಲ್ಲ. ಬಸ್ಸು ಹೋಗುವುದಿಲ್ಲವೇ? ಬರಿ.”

ಗುಮಾಸ್ತರು ಬರೆದರು. ಹಿರಿಯರು ರಸೀದಿಯನ್ನು ಮಡಿಸಿ ಜೇಬಿನಲ್ಲಿಟ್ಟುಕೊಂಡು, ಮಧ್ಯಾಹ್ನದ ಗಂಟೆಗೆ ತಟ್ಟೆ ಹಿಡಿದು ಸಾಲುಗಟ್ಟುತ್ತಿದ್ದ ಮಕ್ಕಳನ್ನು ಸ್ವಲ್ಪ ಹೊತ್ತು ನೋಡಿ, ಬಸ್ಸಿನ ಕಡೆಗೆ ನಡೆದರು.