ಧನುರ್ವಾಯು

ಹುಬ್ಬಳ್ಳಿಯ ಗೋಕುಲ ರಸ್ತೆಯ ಸಪ್ಪಳಕ್ಕೆ ಬಿಡುವೆಂಬುದಿಲ್ಲ. ಹೊಸೂರಿನ ಕಡೆಯಿಂದ ಹೊರಟ ಬಸ್ಸುಗಳು, ಕೈಗಾರಿಕಾ ವಸಾಹತಿಗೆ ಕಬ್ಬಿಣ ಹೊತ್ತ ಲಾರಿಗಳು, ವಿಮಾನ ನಿಲ್ದಾಣಕ್ಕೆ ಅವಸರದಿಂದ ಓಡುವ ಮೋಟಾರುಗಳು; ಹಗಲೆಲ್ಲ ಇವುಗಳದೇ ಸಂಚಾರ. ಈ ರಸ್ತೆಯಿಂದ ಒಳಗೆ ಹೊರಳಿದರೆ ಲೇಥ್ ಯಂತ್ರಗಳ ಒಂದು ಚಿಕ್ಕ ಕಾರಖಾನೆಯುಂಟು. ಅದರ ಹಿಂದೆಯೇ ಯಜಮಾನರ ಮನೆ. ಎಂಬತ್ತು ದಾಟಿದ ಅವರ ತಾಯಿಯನ್ನು ಎಲ್ಲರೂ ಆಯಿ ಎಂದೇ ಕರೆಯುವರು.

ಒಂದು ಮಳೆಗಾಲದಲ್ಲಿ ಕಾರಖಾನೆಯ ಆಳೊಬ್ಬನ ಅಂಗಾಲಿಗೆ, ಅಂಗಳದ ಕೆಸರಿನಲ್ಲಿ ಹೂತಿದ್ದ ಕಬ್ಬಿಣದ ಚೂರು ಆಳವಾಗಿ ನಟ್ಟಿತು. ಅವನು ಅದನ್ನು ಕಿತ್ತೊಗೆದು, ಅರಿಸಿಣ ಮೆತ್ತಿ, ಮರಳಿ ಕೆಲಸಕ್ಕೆ ನಿಂತನು. "ಏನೂ ಆಗೂದಿಲ್ಲ ಬಿಡ್ರಿ ಆಯಿ" ಎಂದು ನಕ್ಕನು. ಆಯಿ ನಗಲಿಲ್ಲ. ಮಗನನ್ನು ಕರೆದು, "ಇವನ್ನ ಈಗಿಂದೀಗ ದವಾಖಾನಿಗೆ ಕರಕೊಂಡು ಹೋಗು. ಸೂಜಿ ಹಾಕಿಸಿದ ಮ್ಯಾಲೆ ಮಶೀನು ಸುರು ಆಗಲಿ" ಎಂದರು. ಆ ಧ್ವನಿಯ ನಡುಕವು ಮಗನಿಗೂ ಹೊಸದಾಗಿತ್ತು.

ಧಾರವಾಡದಲ್ಲಿ ಜೀವಶಾಸ್ತ್ರವನ್ನು ಓದುತ್ತಿದ್ದ ಮೊಮ್ಮಗಳು ಅಂದು ಸಂಜೆ ಜಡೆ ಹಾಕಿಸಿಕೊಳ್ಳಲು ಕುಳಿತಾಗ ಆ ನಡುಕದ ಕಾರಣವು ಹೊರಬಿದ್ದಿತು. ಅರುವತ್ತು ವರುಷಗಳ ಹಿಂದೆ ಹಳ್ಳಿಯ ತವರುಮನೆಯಲ್ಲಿ ಆಯಿಯ ಚೊಚ್ಚಲ ಕೂಸು ಹುಟ್ಟಿತ್ತು. ಕೊಟ್ಟಿಗೆಯ ಕುಡಗೋಲಿನಿಂದ ಹೊಕ್ಕುಳ ಬಳ್ಳಿಯನ್ನು ಕೊಯ್ದರು. ನಾಲ್ಕು ದಿನ ಚೆನ್ನಾಗಿ ಮೊಲೆಯುಂಡ ಕೂಸು ಐದನೆಯ ದಿನ ಬಾಯಿ ಬಿಡದಾಯಿತು. ಮೈ ಬಿಲ್ಲಿನಂತೆ ಬಾಗಿತು. ಎಂಟನೆಯ ದಿನ ಹೋಯಿತು. ಬಾಣಂತಿಯು ಮುಸ್ಸಂಜೆಯಲ್ಲಿ ಹೊಸ್ತಿಲು ದಾಟಿದ್ದರಿಂದ ಗಾಳಿ ತಗುಲಿತೆಂದು ಹಿರಿಯರು ನಿರ್ಣಯಿಸಿದರು. ರೋಗದ ಹೆಸರಿನಲ್ಲಿಯೇ ವಾಯುವಿರುವಾಗ ಆ ಮಾತನ್ನು ಅಲ್ಲಗಳೆಯುವವರಾರು? ನಮ್ಮ ವೈದ್ಯಶಾಸ್ತ್ರವು ಇದನ್ನು ಧನುಸ್ತಂಭವೆಂದು ಕರೆದು ವಾತರೋಗಗಳಲ್ಲಿ ಎಣಿಸಿತು. ಶಾಸ್ತ್ರದ ವಾತವು ದೇಹದೊಳಗಣ ದೋಷ. ಜನರ ಬಾಯಲ್ಲಿ ಅದು ಹೊರಗಿನ ಗಾಳಿಯಾಯಿತು, ತಾಯಿಯ ತಪ್ಪೂ ಆಯಿತು.

ಮೊಮ್ಮಗಳು ಸ್ವಲ್ಪ ಹೊತ್ತು ಸುಮ್ಮನಿದ್ದು, ತಾನು ಕಲಿತದ್ದನ್ನು ಮೆಲ್ಲನೆ ಹೇಳತೊಡಗಿದಳು.

ದೇಹದ ಒಂದೊಂದು ಜೀವಕೋಶವೂ ಒಂದು ಊರಿದ್ದಂತೆ. ಅದರೊಳಗಿನ ಪೊರೆಯ ಜಾಲದಲ್ಲಿ ಪ್ರೋಟೀನುಗಳೂ ಸ್ನಿಗ್ಧ ದ್ರವ್ಯಗಳೂ ಸಿದ್ಧವಾಗುವವು. 1898ರಲ್ಲಿ ಇಟಲಿಯ ಕಮಿಲ್ಲೊ ಗಾಲ್ಗಿಯು ಕಂಡು ತಿಳಿಸಿದ ಪದರುಗಳಲ್ಲಿ ಅವು ಸಂಸ್ಕಾರಗೊಂಡು ವಿಂಗಡವಾಗುವವು. ಮುಂದಿನ ಪಯಣಕ್ಕೆ ವಾಹನ ಬೇಕಷ್ಟೆ. ಪೊರೆಯೇ ಮೊಗ್ಗಿನಂತೆ ಉಬ್ಬಿ, ಸರಕನ್ನು ತುಂಬಿಕೊಂಡು, ಗುಳ್ಳೆಯಾಗಿ ಕಳಚಿಕೊಳ್ಳುವದು. ಸೇರಬೇಕಾದ ಪೊರೆಯೊಡನೆ ಕೂಡಿ ಬಾಯ್ದೆರೆಯುವದು. ಬಸ್ಸು ಪ್ರವಾಸಿಕರನ್ನು ಇಳಿಸಿ ಹಿಂದಿರುಗುವದು. ಇಲ್ಲಿಯಾದರೋ ವಾಹನವೇ ನಿಲ್ದಾಣದ ಗೋಡೆಯಲ್ಲಿ ಬೆರೆಯುವದು, ಬೇಕಾದಾಗ ಆ ಗೋಡೆಯಿಂದಲೇ ಹೊಸ ಗುಳ್ಳೆ ಮೂಡುವದು. ಈ ಸಂಚಾರದ ಮರ್ಮವನ್ನು ಬಿಡಿಸಿದ ರ್ಯಾಂಡಿ ಶೆಕ್ಮನ್, ಜೇಮ್ಸ್ ರಾಥ್ಮನ್, ಥಾಮಸ್ ಸುಡಾಫ್ ಎಂಬ ಮೂವರಿಗೆ 2013ರಲ್ಲಿ ನೊಬೆಲ್ ಪಾರಿತೋಷಕವು ಬಂದಿತು.

ನರದ ತುದಿಯಲ್ಲಿಯೂ ಇಂಥ ಗುಳ್ಳೆಗಳುಂಟು. ಒಂದು ಮಿಲಿಮೀಟರಿನ ಅಂತರದಲ್ಲಿ ಇಪ್ಪತ್ತೈದು ಸಾವಿರವನ್ನು ಸಾಲಾಗಿ ನಿಲ್ಲಿಸಬಹುದಾದಷ್ಟು ಚಿಕ್ಕವು. ಗುಳ್ಳೆಯ ಮೇಲೊಂದು ಪ್ರೋಟೀನು, ಎದುರಿನ ಪೊರೆಯ ಮೇಲೆರಡು. ಈ ಮೂರೂ ಜಡೆಯಂತೆ ಹೆಣೆದುಕೊಂಡಾಗಲೇ ಗುಳ್ಳೆಯು ಪೊರೆಗೆ ಬಿಗಿದು ಬಾಯ್ದೆರೆದು, ತನ್ನೊಳಗಿನ ಸಂದೇಶವನ್ನು ಸುರಿಯುವದು. ಒಂದು ಬಗೆಯ ಸಂದೇಶವು ಸ್ನಾಯುವನ್ನು ಬಿಗಿಯೆನ್ನುವದು. ಬೆನ್ನುಹುರಿಯಲ್ಲಿ ಇನ್ನೊಂದು ಬಗೆಯದು ಸಾಕೆನ್ನುವದು.

ಧನುರ್ವಾಯುವಿನ ಕ್ರಿಮಿಯ ಬೀಜಗಳು ಮಣ್ಣಿನಲ್ಲಿಯೂ ಸಗಣಿಯಲ್ಲಿಯೂ ಬಹುಕಾಲ ಬಾಳುವವು. ಗಾಳಿಯಾಡದ ಆಳವಾದ ಗಾಯವನ್ನು ಹೊಕ್ಕರೆ ಅವು ಮೊಳೆತು ವಿಷವನ್ನು ಉಗುಳುವವು. ಆ ವಿಷವು ನರದ ಸ್ವಂತ ಗುಳ್ಳೆಗಳನ್ನೇ ಏರಿ ಬೆನ್ನುಹುರಿಯನ್ನು ಮುಟ್ಟುವದು. ಅಲ್ಲಿ ಸಾಕೆನ್ನುವ ಕೋಶದೊಳಗೆ ಸೇರಿ, ಗುಳ್ಳೆಯ ಮೇಲಣ ಆ ಒಂದು ಎಳೆಯನ್ನು ಕತ್ತರಿಸುವದು. ಇದನ್ನು ವಿಜ್ಞಾನಿಗಳು 1992ರಲ್ಲಿ ಕಂಡುಕೊಂಡರು. ಗುಳ್ಳೆಗಳು ತುಂಬಿಯೇ ನಿಂತಿರುವವು, ಆದರೆ ತೆರೆಯಲಾರವು. ಸಾಕೆಂಬ ಮಾತು ಹೊರಡದು. ದವಡೆ ಕಚ್ಚುವದು, ಬೆನ್ನು ಬಿಲ್ಲಾಗುವದು. ವಿಷವು ಒಮ್ಮೆ ನರದೊಳಗೆ ಹೊಕ್ಕ ಮೇಲೆ ಯಾವ ಸೂಜಿಯೂ ಅದನ್ನು ಹಿಡಿಯಲಾರದು. ಮೊದಲೇ ಲಸಿಕೆಯಾಗಿದ್ದರೆ, ರಕ್ತದಲ್ಲಿರುವ ಪ್ರತಿಕಾಯಗಳು ದಾರಿಯಲ್ಲಿಯೇ ಅದನ್ನು ತಡೆಯುವವು. ಗರ್ಭಿಣಿಗೆ ಹಾಕಿದ ಲಸಿಕೆಯ ರಕ್ಷೆಯು ಹುಟ್ಟುವ ಕೂಸಿಗೂ ಇಳಿಯುವದು. ಹೀಗೆ ಲಸಿಕೆಯಿಂದಲೂ ಶುಚಿಯಾದ ಹೆರಿಗೆಯಿಂದಲೂ ಭಾರತದ ಪ್ರತಿ ಜಿಲ್ಲೆಯಲ್ಲಿ ನವಜಾತ ಶಿಶುಗಳ ಧನುರ್ವಾಯುವು ಸಾವಿರ ಜನನಕ್ಕೆ ಒಂದಕ್ಕಿಂತ ಕೆಳಗೆ ಇಳಿಯಿತೆಂದು 2015ರಲ್ಲಿ ಘೋಷಿತವಾಯಿತು.

ಆಯಿಯ ಕೈ ಜಡೆಯ ನಡುವೆ ನಿಂತಿತ್ತು. ಬೆರಳುಗಳಲ್ಲಿ ಒಂದು ಎಳೆ ಸಡಿಲವಾಗಿ ಜೋತುಬಿದ್ದಿತ್ತು.

"ಹಂಗಾದ್ರ, ನಾ ಹೊಸ್ತಿಲ ದಾಟಿದ್ದಕ್ಕ ಅಲ್ಲೇನು?"

"ಅಲ್ಲ ಆಯಿ. ಕುಡಗೋಲಿಗೆ ಹತ್ತಿದ ಮಣ್ಣಿಗೆ."

ಆಯಿ ಮತ್ತೇನನ್ನೂ ಕೇಳಲಿಲ್ಲ. ಸಡಿಲಾದ ಎಳೆಯನ್ನು ಎತ್ತಿಕೊಂಡು ಜಡೆಯನ್ನು ಕೊನೆಯವರೆಗೆ ಹೆಣೆದರು. ಎಂದಿಗಿಂತ ಬಹಳ ಹೊತ್ತು ಹಿಡಿಯಿತು.

ಆಳು ಗಾಯವನ್ನು ತೊಳೆಯಿಸಿಕೊಂಡು, ಸೂಜಿ ಹಾಕಿಸಿಕೊಂಡು ಬಂದನು. ಕೆಲವು ದಿನಗಳಲ್ಲಿ ಗುಣವಾದನು. ಮರುದಿನ ಬೆಳಿಗ್ಗೆಯೇ ಆಯಿ ಕಾರಖಾನೆಯ ಬಾಗಿಲಲ್ಲಿ ಕುರ್ಚಿ ಹಾಕಿಸಿಕೊಂಡು ಕುಳಿತು, ಬಂದ ಆಳುಗಳನ್ನೆಲ್ಲ ಒಬ್ಬೊಬ್ಬರನ್ನಾಗಿ, ಸೂಜಿ ಹಾಕಿಸಿಕೊಂಡು ಎಷ್ಟು ವರುಷವಾಯಿತೆಂದು ಕೇಳಿದರು. ಅಂದು ಸಂಜೆ ದೀಪ ಹಚ್ಚುವ ಹೊತ್ತಿನಲ್ಲಿ ಅವರು ಹೊಸ್ತಿಲು ದಾಟಿ ಅಂಗಳಕ್ಕೆ ಬಂದು, ಗೋಕುಲ ರಸ್ತೆಯ ಬಸ್ಸುಗಳ ಸಪ್ಪಳವನ್ನು ಕೇಳುತ್ತ ಬಹಳ ಹೊತ್ತು ನಿಂತಿದ್ದರು.